ಔಷಧಿ ಹೊಡೆಯುವ ದಿನ

ಕದಿರಯ್ಯನ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆದಷ್ಟು ಸಲ ಪುರವರದ ಸುತ್ತಮುತ್ತ ಇನ್ಯಾರ ತೋಟಕ್ಕೂ ಹೊಡೆದಿರಲಿಕ್ಕಿಲ್ಲ. ಎಲೆ ಮೇಲೊಂದು ಚುಕ್ಕೆ ಕಂಡರೆ ಸಾಕು, ದಾಸಣ್ಣನ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಚುಕ್ಕೆ ಕಾಣದಿದ್ದರೆ, ಕಂಡಿತು ಎನ್ನುತ್ತಿದ್ದ.

ಊರಲ್ಲಿ ದ್ರಾಕ್ಷಿ ಇಟ್ಟವರು ನಾಲ್ಕೈದು ಮನೆಯವರು. ಕಾಲಲ್ಲಿ ತುಳಿಯುವ ಪಂಪು ಇದ್ದದ್ದು ದಾಸಣ್ಣನೊಬ್ಬನ ಹತ್ತಿರ. ಹಾಗಾಗಿ ಔಷಧಿ ಕೆಲಸವೆಲ್ಲ ಮುಯ್ಯಾಳಿನದು: ಇವತ್ತು ನಿಮ್ಮ ತೋಟಕ್ಕೆ ನಾವು, ನಾಳೆ ನಮ್ಮ ತೋಟಕ್ಕೆ ನೀವು. ಒಬ್ಬರು ಪಂಪು ತುಳಿಯಬೇಕು, ಒಬ್ಬರು ಪೈಪು ಹಿಡಿಯಬೇಕು, ಉಳಿದವರು ನೀರು ಹೊರಬೇಕು. ಊಟ ತೋಟದವನದು.

ಹೆಂಡತಿ ಗೌರಕ್ಕ ತೀರಿಕೊಂಡ ಮೇಲೆ, ತೋಟದೊಳಗಿದ್ದ ಕದಿರಯ್ಯನ ಮನೆಯಲ್ಲಿ ಇನ್ನೊಬ್ಬರ ದನಿ ಕೇಳುತ್ತಿದ್ದದ್ದು ಆ ದಿನಗಳಲ್ಲಿ ಮಾತ್ರ. ಮಕ್ಕಳಿರಲಿಲ್ಲ. ಗಂಡಸಾದವನು ಮನೆ ಬಿಕೋ ಅನ್ನುತ್ತೆ ಬನ್ರಪ್ಪಾ ಅಂತ ಕರೆಯಲಿಕ್ಕಾಗುತ್ತದೆಯೇ? ರೋಗ ಬಂದಿದೆ ಅಂತ ಕರೆದರೆ ಯಾರೂ ನಗುವುದಿಲ್ಲ. ಆ ದಿನ ಕೋಳಿ ಕೂಗುವ ಮುಂಚೆ ಎದ್ದು, ಅವರೆಕಾಳು ಬೇಯಿಸಿ, ಮುದ್ದೆ ಕಟ್ಟಿ, ಚಪ್ಪರದ ಕೆಳಗೆ ಎಲ್ಲರನ್ನೂ ಕೂರಿಸಿ ಬಲವಂತ ಮಾಡಿ ಬಡಿಸುತ್ತಿದ್ದ. ಪಕ್ಕದ ದ್ರಾಕ್ಷಿ ತೋಟದ ಭೀಮಕ್ಕ ಸಾರಿಗೆ ಉಪ್ಪು ಜಾಸ್ತಿಯೆಂದು ಬೈಯುತ್ತಿದ್ದಳು. ಆ ಬೈಗುಳ ಅವನಿಗೆ ವಾರವಿಡೀ ಸಾಕಾಗುತ್ತಿತ್ತು.

ಎಂಬತ್ತಮೂರನೇ ಇಸವಿಯ ಮಾಗಿಯಲ್ಲಿ ಮಂಜಿನ ಜೊತೆ ಜಿನುಗು ಮಳೆಯೂ ಹಿಡಿದುಕೊಂಡಿತು. ಗೊಂಚಲುಗಳ ಮೇಲೆ ಬೂದಿ ಎರಚಿದಂತೆ ಬೂಷ್ಟು ಬಂತು. ಈ ಸಲ ರೋಗ ನಿಜವಾದದ್ದು. ಬೇರೆಯವರ ತೋಟದಲ್ಲಿ ಔಷಧಿಗೆ ನಿಂತಿತು; ಇವನ ತೋಟದಲ್ಲಿ ಎಷ್ಟು ಹೊಡೆದರೂ ಜಗ್ಗಲಿಲ್ಲ.

ಬೆಳೆ ರೋಗಗಳನ್ನು ಓದಿಕೊಂಡಿದ್ದ ತಿಮ್ಮರಾಯಪ್ಪನವರು ಆಗ ಶಿರಾ, ಮಧುಗಿರಿ ಕಡೆಯ ತೋಟಗಳನ್ನೆಲ್ಲ ಸುತ್ತಿ ಕೊಳೆತ ಹಣ್ಣು ಪರೀಕ್ಷೆಗೆ ತೆಗೆದುಕೊಂಡು ಹೋಗಿದ್ದರು. ಸಂಕ್ರಾಂತಿ ಕಳೆದ ಮೇಲೆ ಕದಿರಯ್ಯನ ತೋಟಕ್ಕೆ ಮತ್ತೆ ಬಂದರು.

“ನೋಡೋಕೆ ಎಲ್ಲ ಬೂಷ್ಟೂ ಒಂದೇ ಬಣ್ಣ. ಒಳಗೆ ನೋಡಿದರೆ ಒಂದೇ ಗೊಂಚಲಲ್ಲಿ ನಾಲ್ಕಾರು ಬಗೆ. ಅದರಲ್ಲಿ ಎಲ್ಲೋ ಒಂದಕ್ಕೆ ಔಷಧಿ ತಾಗೋದಿಲ್ಲ. ಒಂದೇ ಔಷಧಿ ಮೇಲಿಂದ ಮೇಲೆ ಹೊಡೆದರೆ ಮಿಕ್ಕಿದ್ದೆಲ್ಲ ಸತ್ತು, ಅದೊಂದೇ ಹಬ್ಬುತ್ತೆ. ನಿಮ್ಮ ತೋಟದಲ್ಲಿ ಈಗಿರೋದೆಲ್ಲ ಅದೇ. ಯಾಕೆ ಯಜಮಾನ್ರೇ ಇಷ್ಟೊಂದು ಸಲ ಹೊಡೆಸಿದಿರಿ?”

ಕದಿರಯ್ಯ ನೆಲ ನೋಡಿದ.

“ಈಗೇನ್ ಮಾಡಾದು ಸ್ವಾಮಿ?”

“ಔಷಧಿ ನಿಲ್ಲಿಸಿ. ಕೊಳೆತದ್ದನ್ನು ಕಿತ್ತು ಸುಡಿ, ಗಾಳಿ ಆಡೋ ಹಾಗೆ ಎಲೆ ತೆಗೀರಿ. ಇದು ಧೂಳಿನ ಥರ ಬಟ್ಟೆಗೆ, ಕೈಗೆ ಅಂಟಿಕೊಂಡು ಹೋಗುತ್ತೆ. ಬೇರೆ ತೋಟಗಳಿಗೆ ಇನ್ನೂ ಹೋಗಿಲ್ಲ, ಅದೇ ಪುಣ್ಯ. ಗಾಳಿಯನ್ನ ತಡೆಯೋಕಾಗಲ್ಲ, ಜನಾನಾದ್ರೂ ತಡೀರಿ. ದ್ರಾಕ್ಷಿ ಇಟ್ಟಿರೋರು ಯಾರೂ ಇಲ್ಲಿಗೆ ಬರಬಾರದು, ನೀವೂ ಅಲ್ಲಿಗೆ ಹೋಗಬಾರದು.”

ಆ ಮಾತು ಕೇಳಿಸಿಕೊಂಡದ್ದು ಕದಿರಯ್ಯನೊಬ್ಬನೇ. ಬಾಯಿ ಮುಚ್ಚಿಕೊಂಡಿದ್ದರೆ, ಔಷಧಿಗೆಂದು ಮೊದಲೇ ಕರೆದಿದ್ದ ಸೋಮವಾರ ಎಂದಿನಂತೆ ಎಲ್ಲರೂ ಬರುತ್ತಿದ್ದರು, ಉಣ್ಣುತ್ತಿದ್ದರು, ನಗುತ್ತಿದ್ದರು. ಆಸೆಯಾಗಲಿಲ್ಲ ಎಂದರೆ ಸುಳ್ಳು; ಭಾನುವಾರ ಕೂತು ಅವರೆಕಾಯಿ ಸುಲಿದೂ ಇಟ್ಟ. ಆದರೆ ಬೆಳಗಾಗುವ ಹೊತ್ತಿಗೆ ಮನಸ್ಸು ಒಪ್ಪಲಿಲ್ಲ. ತೋಟದ ಬಾಯಿಗೆ ಮುಳ್ಳು ಎಳೆದು, ಒಳಗಡೆ ತಾನು ನಿಂತ.

ಪಂಪು ಹೊತ್ತು ಬಂದ ದಾಸಣ್ಣನಿಗೂ ಭೀಮಕ್ಕನಿಗೂ ಎಲ್ಲ ಹೇಳಿದ. ದಾಸಣ್ಣನಿಗೆ ರೇಗಿಹೋಯಿತು.

“ಅಯ್ಯೋ ನಿನ್ ಮನೆ ಕಾಯ್ವೋಗ! ಯಾಕ್ಲಾ ಅಂಗೆ ಹೊಡೆಸ್ದೆ? ಚುಕ್ಕೆ ಇಲ್ದಿದ್ರೂ ಕರೀತಿದ್ದೆ, ನಮ್ಗೇನ್ ಕಣ್ಣಿರ್ಲಿಲ್ವಾ?”

“ರೋಗಕ್ಕಲ್ಲ ಕಣ್ಲಾ. ನೀವು ಬರ್ಲಿ ಅಂತ ಹೊಡೆಸ್ತಿದ್ದೆ. ಒಬ್ನೇ ಇರಾಕ್ ಆಯ್ತಿರ್ಲಿಲ್ಲ.”

ದಾಸಣ್ಣ ಪಂಪನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ. ಭೀಮಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಥೂ ನಿನ್ನ! ಉಣ್ಣಾಕ್ ಬನ್ರವ್ವಾ ಅಂದಿದ್ರೆ ಸುಮ್ಕೆ ಬತ್ತಿರ್ಲಿಲ್ವಾ ಕದಿರಣ್ಣ?” ಎನ್ನುತ್ತ ಮುಳ್ಳು ಸರಿಸಲು ಕೈ ಚಾಚಿದಳು.

ಈಗ ಕರೆಯಲು ಅವನಿಗೆ ನಾಚಿಕೆಯೇನೂ ಉಳಿದಿರಲಿಲ್ಲ.

“ಹತ್ರ ಬರ್ಬೇಡ ಕಣಮ್ಮ, ಬಟ್ಟೆಗೆ ಅಂಟ್ಕೊತದೆ” ಎಂದು ಹಿಂದಕ್ಕೆ ಸರಿದ.