ಟೇಪು ಅವರ ಕೈಯಲ್ಲಿರುವ ತನಕ

ನನ್ನ ತಮ್ಮನ ಮೊಮ್ಮಗಳನ್ನು ಮನೆಯವರೆಲ್ಲ ಕರೆಯುವುದು ‘ಅರಳು’ ಎಂದು. ಚಿಕ್ಕವಳಿದ್ದಾಗ ಅರಳು ಹುರಿದಂತೆ ಮಾತಾಡುತ್ತಿದ್ದಳು. ಎದುರಿನವರು ಬಾಯಿ ತೆರೆಯುವಷ್ಟರಲ್ಲಿ ಅವರ ಮಾತನ್ನೂ ತಾನೇ ಆಡಿ ಮುಗಿಸುವಳು. ಅಂಥವಳು ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಆರಿಸಿಕೊಂಡ ವಿಷಯ ಕೇಳಿ ನಾವೆಲ್ಲ ನಕ್ಕಿದ್ದೆವು. ಲಕ್ವ ಹೊಡೆದು ಮಾತು ಕಳೆದುಕೊಂಡವರ ಎದುರು ಉಳಿದವರು ಬಾಯಿ ಮುಚ್ಚಿಕೊಂಡು ಕಾದರೆ, ಹೋದ ಮಾತು ಎಷ್ಟು ಮರಳೀತು ಎಂಬುದು ಅವಳ ಪ್ರಬಂಧ. “ಬೆಕ್ಕು ಉಪವಾಸದ ಮೇಲೆ ಪುಸ್ತಕ ಬರೆದ ಹಾಗಾಯ್ತು” ಎಂದಿದ್ದ ಅವಳಪ್ಪ.

ಪ್ರಬಂಧ ಮುಗಿದ ಮೇಲೆ ಅವಳಿಗೆ ಒಂದು ಫೆಲೋಶಿಪ್ ಸಿಕ್ಕಿತು. ಓದಿ ಬರೆದದ್ದನ್ನು ಕಪಾಟಿನಲ್ಲಿ ಇಡದೆ ಜನರ ನಡುವೆ ಒಯ್ದು ಒಂದು ವರ್ಷ ಮಾಡಿ ತೋರಿಸಬೇಕು. ಕೊನೆಗೆ ನೋಡಲು ಬರುವವರ ಪ್ರಶ್ನೆ ಒಂದೇ ಅಂತೆ: ನೀನು ಹೋದ ಮೇಲೂ ಇದು ನಡೆಯುತ್ತದೆಯೇ? ನಡೆಯುತ್ತದೆ ಎನಿಸಿದರೆ ಬೇರೆ ಬಡಾವಣೆಗಳಿಗೂ ಒಯ್ಯಲು ನೆರವು ಕೊಡುತ್ತಾರೆ. ಇಲ್ಲವಾದರೆ ಕೆಲಸ ಅಲ್ಲಿಗೇ ಮುಗಿಯುತ್ತದೆ. ಜಾಗಕ್ಕಾಗಿ ಅಲೆಯುತ್ತಿದ್ದವಳನ್ನು ನಾನೇ ಕರೆದೆ. ನನ್ನ ಮನೆಯ ಮುಂದಿನ ಕೋಣೆ ಖಾಲಿಯಿತ್ತು. ಬೀದಿಗೆ ತೆರೆಯುವ ಕಿಟಕಿ, ಉದ್ದನೆಯ ಮೇಜು, ಬೇರೆ ಬೇರೆ ಎತ್ತರದ ಕುರ್ಚಿಗಳು ಇದ್ದವು. ಮಾತಾಡಲು ಅಷ್ಟು ಸಾಕು.

ಮೊದಲು ಬಂದವರು ಬೀದಿ ತಿರುವಿನ ದರ್ಜಿ. ನನ್ನ ಬಟ್ಟೆಗಳನ್ನು ವರ್ಷಾನುಗಟ್ಟಲೆ ಹೊಲಿದವರು. ಹೊಲಿದ ಅಂಗಿಯ ಅಂಚಿನ ಒಳಗೆ ಒಂದು ಹೆಚ್ಚಿನ ಗುಂಡಿಯನ್ನು, ಯಾರೂ ಕೇಳದಿದ್ದರೂ, ಹಚ್ಚಿಕೊಡುತ್ತಿದ್ದರು. ಲಕ್ವ ಹೊಡೆದ ಮೇಲೆ ಕೈ ಮರಳಿತ್ತು, ಹೊಲಿಗೆ ಯಂತ್ರವೂ ಮತ್ತೆ ಓಡುತ್ತಿತ್ತು. ಮಾತು ಮಾತ್ರ ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತಿತ್ತು. ಅದು ನಿಂತ ಕೂಡಲೇ ಅವರ ಹೆಂಡತಿ ಮುಂದಿನದನ್ನು ಹೇಳಿಬಿಡುತ್ತಿದ್ದಳು. ಅವರು “ನೀ...” ಎಂದರೆ ಇವಳು ನೀರಿನ ಲೋಟ ಹಿಡಿದು ನಿಂತಾಯಿತು. ಅವರಿಗೆ ಬೇಕಾದದ್ದು ಬೇರೆ ಏನೋ ಆಗಿದ್ದರೂ ಆ ನೀರನ್ನು ಕುಡಿದುಬಿಡುತ್ತಿದ್ದರು. ತಂದುಕೊಟ್ಟವಳಿಗೆ ಬೇಸರವಾಗಬಾರದಲ್ಲ.

ಅರಳು ಮಾಡಿದ ಏರ್ಪಾಟು ಸರಳವಾಗಿತ್ತು. ಮಾತಿಗೆ ಹೊರಟವರು ತಮ್ಮದೊಂದು ವಸ್ತುವನ್ನು ಕೈಯಲ್ಲಿ ಹಿಡಿದಿರಬೇಕು. ಅದು ಕೈಯಲ್ಲಿರುವ ತನಕ ಬೇರೆ ಯಾರೂ ತುಟಿ ಬಿಚ್ಚಬಾರದು. ಸಾಕಾಯಿತು, ನೆರವು ಬೇಕು ಎನಿಸಿದರೆ ಅವರೇ ಅದನ್ನು ಮೇಜಿನ ಮೇಲೆ ಇಡುತ್ತಾರೆ. ಬಸ್ಸು ಓಡಿಸುತ್ತಿದ್ದ ಹಿರಿಯರೊಬ್ಬರು ತಮ್ಮ ಬೀಗದ ಕೈ ಗೊಂಚಲನ್ನು ಹಿಡಿಯುತ್ತಿದ್ದರು. ದರ್ಜಿ ಹಿಡಿದದ್ದು ಅಳತೆಯ ಟೇಪು.

ಹೆಂಡತಿಗೆ ಇದು ಶಿಕ್ಷೆಯೇ ಆಯಿತು. “ಬಾಯಿ ಕಟ್ಟಿ ಹಾಕ್ಬಹುದಮ್ಮ, ಹೊಟ್ಟೆ ಒಳಗಿನ ಸಂಕಟ ಎಲ್ಲಿ ಕಟ್ಟಿ ಹಾಕ್ಲಿ?” ಎಂದು ನನ್ನ ಬಳಿ ಹೇಳಿಕೊಂಡಳು. ನನಗೆ ಒಂದು ಉಪಾಯ ಹೊಳೆಯಿತು. ಗಂಡ ಮಾತು ಶುರುಮಾಡುವ ಹೊತ್ತಿಗೆ ಸರಿಯಾಗಿ ಅವಳ ಮುಂದೆ ಬಿಸಿ ಚಹಾ ತಂದಿಡುವುದು. ಬಾಯಲ್ಲಿ ಚಹಾ ಇರುವವರು ಮಾತಾಡಲಾರರು. ಅವಳಿಗೂ ಅದು ಅರ್ಥವಾಗಿತ್ತು. ಸುಮ್ಮನೆ ನಕ್ಕು ಲೋಟ ಎತ್ತಿಕೊಳ್ಳುತ್ತಿದ್ದಳು. ಆ ವರ್ಷ ನಮ್ಮ ಬೀದಿಯಲ್ಲಿ ಅವಳಷ್ಟು ಚಹಾ ಕುಡಿದವರು ಇರಲಿಕ್ಕಿಲ್ಲ.

ಆದರೂ ಅರಳುವಿಗೆ ಸಮಾಧಾನವಿರಲಿಲ್ಲ. ಅವಳು ಎದುರಿಗಿದ್ದರೆ ದರ್ಜಿಯ ಹೆಂಡತಿ ಕಾಯುತ್ತಾಳೆ. ಅರಳು ಒಳಗೆ ಹೋದಳೋ, ಗಂಡನ ಮಾತೆಲ್ಲ ಹೆಂಡತಿಯ ಬಾಯಿಂದಲೇ ಉದುರುತ್ತದೆ. ನಾನು ಹೋದ ಮರುದಿನವೇ ಇದು ನಿಂತುಹೋಗುತ್ತದೆ ಅಜ್ಜಿ, ನೋಡಲು ಬರುವವರಿಗೆ ಸುಳ್ಳು ಹೇಳಲೇ ಎಂದು ಕೇಳಿದಳು. ನಾನು ಅವಳ ತಲೆ ನೇವರಿಸಿದೆ.

ನೋಡಲು ಬಂದವರು ಒಬ್ಬ ಪ್ರೊಫೆಸರ್, ನಡುವಯಸ್ಸು ದಾಟಿದ ಹೆಂಗಸು. ಒಳ್ಳೆಯ ಕುರ್ಚಿಯನ್ನು ಬಸ್ಸಿನವರಿಗೆ ಬಿಟ್ಟುಕೊಟ್ಟು, ಕಾಲು ಅಲುಗುವ ಕುರ್ಚಿಯಲ್ಲಿ ತಾವು ಕೂತರು. ಅದನ್ನು ಕಂಡೇ ನನಗೆ ಅವರ ಮೇಲೆ ಗೌರವ ಬಂತು. ಅದೂ ಇದೂ ವಿಚಾರಿಸಿ ದರ್ಜಿಯ ಕಡೆ ತಿರುಗಿ, ಮಾತು ಪೂರ್ತಿ ಬಂದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದರು.

ದರ್ಜಿ ಟೇಪನ್ನು ಮುಷ್ಟಿಯಲ್ಲಿ ಸುತ್ತಿಕೊಂಡರು.

“ಇವಳ... ಇವಳ ಜೊತೆ...”

ಅಲ್ಲಿಗೆ ನಿಂತಿತು. ನಾವೆಲ್ಲ ಕಾದೆವು. ಬೀದಿಯಲ್ಲಿ ತರಕಾರಿ ಗಾಡಿಯೊಂದು ಹಾದುಹೋಯಿತು. ಅವರ ಕೊರಳ ನರ ಉಬ್ಬಿತ್ತು, ತುಟಿ ಅದುರುತ್ತಿತ್ತು, ಮಾತು ಮಾತ್ರ ಇಲ್ಲ. ಪ್ರೊಫೆಸರ್ ಪೆನ್ನು ಕೆಳಗಿಟ್ಟರು. ನಾನು ದರ್ಜಿಯ ಹೆಂಡತಿಯನ್ನೇ ನೋಡುತ್ತಿದ್ದೆ. ಅರಳುವಿನ ಕಡೆ ಯಾರಿಗೂ ಗಮನವಿರಲಿಲ್ಲ.

“ಅಂಗಡಿ,” ಎಂದುಬಿಟ್ಟಳು ಅರಳು. “ಇವರ ಜೊತೆ ಮೊದಲಿನ ಹಾಗೆ ಅಂಗಡಿ ನಡೆಸ್ತಾರೆ. ಅಲ್ವಾ?”

ದರ್ಜಿ ಅವಳ ಮುಖ ನೋಡಿದರು. ತಪ್ಪು ನೀರನ್ನು ಕುಡಿಯುವಾಗಿನ ಅದೇ ಮೃದು ಮುಖ. ಇನ್ನೇನು ಹೌದೆಂದು ತಲೆಯಾಡಿಸುತ್ತಾರೆ ಎನ್ನುವಾಗ ಅವರ ಹೆಂಡತಿ ತನ್ನ ಚಹಾ ಲೋಟವನ್ನು ಮೇಜಿನ ಮೇಲೆ ಮೆಲ್ಲಗೆ ದೂಡಿ ಅರಳುವಿನ ಮುಂದಿಟ್ಟಳು.

“ಟೇಪು ಇನ್ನೂ ಅವರ ಕೈಯಲ್ಲೇ ಇದೆಯಮ್ಮ,” ಎಂದಳು. “ತಗೋ, ಚಹಾ ಕುಡಿ.”

ಅರಳು ಕೆಂಪಾಗಿ ಲೋಟ ಎತ್ತಿಕೊಂಡಳು. ಮತ್ತೆ ಎಲ್ಲರೂ ಕಾದೆವು. ಹೆಂಡತಿ ಎರಡೂ ಕೈಗಳನ್ನು ಮಡಿಲಲ್ಲಿ ಹೆಣೆದುಕೊಂಡು, ಗಂಡನ ತುಟಿಯನ್ನಲ್ಲ, ಕಣ್ಣನ್ನು ನೋಡುತ್ತ ಕೂತಿದ್ದಳು.

“ಜ...” ಎಂದರು ದರ್ಜಿ. ಉಸಿರೆಳೆದುಕೊಂಡರು. “ಜಗಳ. ಇವಳ ಜೊತೆ... ಜಗಳ ಆಡ್ಬೇಕು.”

ಬಸ್ಸಿನವರು ಮೊದಲು ನಕ್ಕರು. ನಗಬೇಕಾದ ಮಾತೇ ಅದು. ಆದರೆ ಎಂಥ ನಿಜ! ಇಷ್ಟು ಕಾಲ ಆ ಮನೆಯ ಜಗಳಗಳಲ್ಲಿ ಎರಡೂ ಕಡೆಯ ವಕಾಲತ್ತು ಹೆಂಡತಿಯದೇ ಆಗಿತ್ತು. ಅವಳು ಕಣ್ಣೊರೆಸಿಕೊಂಡು, “ಆಡಿ, ಯಾರು ಬೇಡ ಅಂದ್ರು? ಗೆಲ್ಲೋದು ಮಾತ್ರ ನಾನೇ,” ಎಂದಳು. ದರ್ಜಿ ಆಗ ಟೇಪನ್ನು ಮೇಜಿನ ಮೇಲೆ ಇಟ್ಟರು.

ಆಮೇಲೆ ಅಡುಗೆಮನೆಯಲ್ಲಿ ಅರಳು ಸಿಂಕಿನ ಮುಂದೆ ನಿಂತು ಒಂದೇ ಲೋಟವನ್ನು ಉಜ್ಜುತ್ತಲೇ ಇದ್ದಳು. ನನ್ನ ನಿಯಮ ನಾನೇ ಮುರಿದೆ, ಎಲ್ಲ ಹಾಳಾಯಿತು ಎನ್ನುತ್ತಿದ್ದಳು. ಪ್ರೊಫೆಸರ್ ತಮ್ಮ ಲೋಟವನ್ನು ತಾವೇ ಹಿಡಿದುಕೊಂಡು ಒಳಗೆ ಬಂದದ್ದು ಆಗಲೇ.

“ನೀನು ಹೋದ ಮೇಲೂ ಇದು ನಡೆಯುತ್ತಾ ಅಂತ ಕೇಳೋಕೆ ಬಂದಿದ್ದೆ,” ಎಂದರು ಅವರು. “ನೀನು ಇರುವಾಗಲೇ ನಿನ್ನನ್ನ ಸುಮ್ಮನಿರಿಸಿದರಲ್ಲ ಆಕೆ. ಇನ್ನೇನು ಕೇಳಲಿ?”

ಲೋಟವನ್ನು ತೊಳೆದು ಬೋರಲು ಹಾಕಿ ಹೋದರು.

ಈಗ ಅರಳು ಹೊಳೆಯಾಚೆಯ ಬಡಾವಣೆಯಲ್ಲಿ ಇದೇ ಕೆಲಸ ಶುರುಮಾಡಿದ್ದಾಳೆ. ನನ್ನ ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಿ ಎಲ್ಲರನ್ನೂ ಕೂರಿಸುವುದು ದರ್ಜಿಯ ಹೆಂಡತಿ. ಹೊಸದಾಗಿ ಬಂದವರ ಮನೆಯವರಿಗೆ ಚಹಾ ಯಾವಾಗ ಕುಡಿಯಬೇಕೆಂದು ಹೇಳಿಕೊಡುವವಳೂ ಅವಳೇ.

ಮೊನ್ನೆ ಪರದೆ ಹೊಲಿಯಲು ಕೊಟ್ಟದ್ದನ್ನು ತರಲು ಅಂಗಡಿಗೆ ಹೋದೆ. ಒಳಗೆ ಜಗಳ ನಡೆದಿತ್ತು. ಕಿಟಕಿ ತೆರೆದಿಟ್ಟು ಬಟ್ಟೆಗೆಲ್ಲ ಧೂಳು ಹಿಡಿಸಿದವರು ಯಾರು ಎಂಬ ವಿಷಯ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ದರ್ಜಿ ಟೇಪನ್ನು ಮುಷ್ಟಿಯಲ್ಲಿ ಹಿಡಿದು, “ನೀನು... ನೀನೊಬ್ಬಳು...” ಎಂದು ಅಲ್ಲೇ ನಿಂತಿದ್ದರು.

“ಹುಡುಕಿ, ಹುಡುಕಿ,” ಎಂದಳು ಅವಳು. “ನನಗೇನೂ ಅವಸರವಿಲ್ಲ.”

ನನಗೂ ಇರಲಿಲ್ಲ. ಬಾಗಿಲ ಬಳಿಯ ಸ್ಟೂಲು ಎಳೆದುಕೊಂಡು ಕೂತೆ.