ಪರ್ಸೋ ಆಡಿದ ಜೈಪಾಲ

೧
ಎಲ್ಲಿಂದ ಶುರು ಮಾಡಲಿ? ಅವನ ಎತ್ತರದಿಂದ ಶುರುವಾದ ಡ್ರಾಫ್ಟನ್ನು ಆಗಲೇ ಹರಿದಿದ್ದೇನೆ. (ಅವನ ಊರಾದ ನಾರಾಯಣಖೇಡದಲ್ಲಿ ಎಲ್ಲರೂ ಮೊದಲು ಹೇಳುವುದು ಅದನ್ನೇ.) ತಾಯಿ ಉಮಾಬಾಯಿಯಿಂದ ಶುರು ಮಾಡೋಣ. ಬಾಸ್ಕೆಟ್‌ಬಾಲ್ ಆಡಿದರೆ ಸಂಬಳ ಕೊಡುತ್ತಾರೆ ಎಂದು ಮಗ ಜೈಪಾಲ ಹೇಳಿದಾಗ ಆಕೆ ಕೇಳಿದ್ದು ಇಷ್ಟೇ:

"ಬುಟ್ಟಿಗೆ ತಳಾನೇ ಇಲ್ಲ. ಪಗಾರ ಯಾರ ಕೊಡ್ತಾರೋ ತಮ್ಮಾ?"

ಕೊಟ್ಟರು. ನಮ್ಮ ಕಡೆಯವರಲ್ಲಿ ಆತನೇ ಮೊದಲಿಗ.

೩
(೨ ಬಿಟ್ಟೆ. ಬರೀ ಸ್ಕೋರು ಇತ್ತು. ನನ್ನ ಮಗಳ ಊಟದ ಡಬ್ಬಿ ತೊಳೆದು ಬಂದು ಓದಿದರೆ ನನಗೇ ಆಕಳಿಕೆ.)

ಹೊಸ ಲೀಗು, ಒಂದೇ ಸೀಸನ್. ಚೆನ್ನಾಗಿಯೇ ಆಡಿದ. ಎರಡನೆಯ ಸೀಸನ್ನಿಗೆ ಸಹಿ ಹಾಕುವ ಮುಂಚೆ ಪುಣೆಯಲ್ಲಿ ತಪಾಸಣೆ. ಮೊಣಕಾಲು ಎಂದಾದರೂ ಉಳುಕಿತ್ತೇ ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು. ಹೌದು ಎಂದ. ಯಾವಾಗ?

"ಪರ್ಸೋ."

ಜಹೀರಾಬಾದಿನಿಂದ ತಾಂಡೂರಿನವರೆಗೆ ನಮ್ಮ ದಖನಿ ಉರ್ದುವಿನಲ್ಲಿ ಪರ್ಸೋ ಅಂದರೆ ಹಿಂದೆಂದೋ ಒಂದು ದಿನ. ಹೋದ ವಾರವೂ ಆದೀತು, ಅಜ್ಜನ ಮದುವೆಯೂ ಆದೀತು. ಜೈಪಾಲ ಹೇಳಿದ್ದು ಶಾಲೆಯ ಕಾಲದ ಮಾತು. ಪುಣೆಯ ಡಾಕ್ಟರಿಗೆ ಪರ್ಸೋ ಅಂದರೆ ಮೊನ್ನೆ. ಹಸಿ ಪೆಟ್ಟು ಎಂದು ಬರೆದರು. ಟೀಮು ಬೇರೊಬ್ಬನನ್ನು ತೆಗೆದುಕೊಂಡಿತು.

೪
ಮುಕ್ತಾಯ ಒಂದು: ಜೈಪಾಲ ವಾಪಸ್ ಓಡಿಹೋಗಿ ಡಾಕ್ಟರಿಗೆ ತಿಳಿಸಿ ಹೇಳುತ್ತಾನೆ. ಓದಿ ಹೇಳಿದರೆ ಜೈಪಾಲನೇ ತಕರಾರು ತೆಗೆದ:

"ನಾ ಎಲ್ಲಿ ಓಡಿದ್ನಿರಿ ಅಕ್ಕೋರೆ? ತಪ್ಪಾಗಿದ್ದು ಗೊತ್ತಾದಾಗ ತಾಂಡೂರದಾಗ ಲಾರಿಗೆ ಫರಸಿ ಕಲ್ಲು ಹೇರಸಾಕತ್ತಿದ್ದೆ."

(ಇವತ್ತಿಗೂ ಅದೇ ಕಲ್ಲಿನ ಕಾರಖಾನೆಯಲ್ಲಿದ್ದಾನೆ.)

ಮುಕ್ತಾಯ ಎರಡು: ಮೊಣಕಾಲು ನಿಜಕ್ಕೂ ಕೈಕೊಡುತ್ತದೆ. ಓದುವವರಿಗೆ ಕಣ್ಣೀರು, ಬರೆಯುವ ನನಗೆ ಸಲೀಸು.

"ಅದೊಂದು ಬರೀಬ್ಯಾಡ್ರಿ. ಮೊದಲೇ ಮಂದಿ, ಲಂಗಡಾ ಆಗಿ ಬಂದ ಅಂತಾರ. ನನ್ನ ಕಾಲು ಛಲೋ ಇತ್ತು. ಇದನ್ನ ನನ್ನ ಮಗಳು ಶೃತಿ ಓದ್ತಾಳ."

"ಮಗಳಿಗೆ ನೀನೇ ಹೇಳಬಹುದಲ್ಲ?"

"ಪುಣೆದಾಗ ನನ್ನ ಮಾತು ನಂಬಿ ಏನಾತು, ನೀವೇ ಬರದೀರಿ."

ಈ ಪಾತ್ರದ ಜೊತೆ ವಾದಿಸಿ ಗೆದ್ದಿಲ್ಲ. ಎರಡನ್ನೂ ಹೊಡೆದುಹಾಕಿದೆ.

೫
ಜೈಪಾಲನ ಮನೆಯ ಅಂಗಳದ ಗೋಡೆಗೆ ಒಂದು ಬಿದಿರು ಬುಟ್ಟಿ ಇದೆ. ಮೊಮ್ಮಗಳಿಗೆಂದು ಅದರ ತಳ ಕೊಯ್ದವಳು ಉಮಾಬಾಯಿಯೇ. ಶೃತಿ ಎಸೆದ ಚೆಂಡು ಅಂಚಿಗೆ ಬಡಿದು ಅಪ್ಪನ ಕೈಗೆ ಬರುತ್ತದೆ. ಅವನು ನಿಂತಲ್ಲಿಂದಲೇ ಹಾಕುತ್ತಾನೆ. ಚೆಂಡು ಬುಟ್ಟಿಯ ಅಂಚು ಸೋಕದೆ ಇಳಿಯುತ್ತದೆ.

"ಅಪ್ಪಾ, ನೀ ಯಾವಾಗ ಆಡ್ತಿದ್ದಿ?"

"ಪರ್ಸೋ."

ಯಾವ ಪರ್ಸೋ ಎಂದು ಹೇಳಿದರೆ ಕಥೆ ಮುಗಿಯುತ್ತದೆ. ನಾನು ಹೇಳುವುದಿಲ್ಲ. ಪುಣೆಯವರಂತೆ ಮೊನ್ನೆ ಎಂದೇ ಹಿಡಿದರೆ, ಅವನ ಜೆರ್ಸಿ ಇನ್ನೂ ಒಗೆಯುವುದಿದೆ.