ದರ್ಜಿ ಹೆಂಡತಿಗೆ ಹೇಳದ ಗುಟ್ಟು

೧
ಎಲ್ಲಿಂದ ಶುರು ಮಾಡಲಿ? ‘ಒಬ್ಬ ದರ್ಜಿ ಇದ್ದ’ ಎಂದು ಬರೆದು ಹೊಡೆದುಹಾಕಿದೆ. ಆತ ಈಗಲೂ ಇದ್ದಾನೆ. ಹೊಲಿಗೆ ಮಿಷನ್ನಿನ ಹಿಂದೆ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾನೆ. ಸರಿ, ಟಿವಿಯಿಂದಲೇ ಶುರು ಮಾಡೋಣ. ಅದಕ್ಕೆ ಸಿಟ್ಟು ಬರುವುದಿಲ್ಲ.

೨
ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅಲ್ಲಿಗೆ ಅರ್ಧ ಬೆಲೆಗೆ ಒಂದು ಸ್ಮಾರ್ಟ್ ಟಿವಿ ಬಂತು. ಜೋಡಿಸಲು ಬಂದವನು, “ಇದು ನಿಮ್ಮ ಮಾತು ಕೇಳಿಸ್ಕೊಂಡು ಅದಕ್ಕೆ ತಕ್ಕ ಜಾಹೀರಾತು ತೋರ್ಸುತ್ತೆ. ಅದಕ್ಕೇ ಅಗ್ಗ. ಷರತ್ತು ಓದಿ ಓಕೆ ಒತ್ತಿ” ಎಂದ. ದರ್ಜಿ ಓದದೆಯೇ ಒತ್ತಿದ. (ನೀವಾಗಿದ್ದರೆ ಓದುತ್ತಿದ್ದಿರಾ? ಬುರುಡೆ ಬಿಡಬೇಡಿ.) ಅವನು ಓದದಿದ್ದುದಕ್ಕೆ ಬೇರೆ ಕಾರಣವೂ ಇತ್ತು: ಅಕ್ಷರ ಕಾಣುತ್ತಿರಲಿಲ್ಲ.

೩
ಇದು ಯಾರಿಗೂ ಗೊತ್ತಿರಲಿಲ್ಲ. ಮೂವತ್ತು ವರ್ಷ ಜೊತೆಗಿದ್ದ ಹೆಂಡತಿಗೂ. ಕಣ್ಣು ಮಂಜಾದ ದರ್ಜಿಗೆ ಯಾರು ಬಟ್ಟೆ ಕೊಡುತ್ತಾರೆ? ಒಂದು ಮಧ್ಯಾಹ್ನ ಅವಳು ತರಕಾರಿಗೆ ಹೋಗಿದ್ದಾಗ, ಏಳನೇ ಸಲವೂ ದಾರ ತಪ್ಪಿ, “ಥೂ, ಸೂಜಿಗಾದ್ರೂ ಕಣ್ಣಿದೆ, ನನಗೇ ಇಲ್ಲ!” ಎಂದು ಗೊಣಗಿದ.

ಕೋಣೆಯಲ್ಲಿ ಯಾರೂ ಇರಲಿಲ್ಲ. ಟಿವಿ ಇತ್ತು.

೪
ಮರುದಿನ ಗಿರಾಕಿ ವಕೀಲರೊಬ್ಬರು ತಾವು ಹೊಲಿಸಿದ ಹೊಸ ಕಪ್ಪು ಕೋಟು ತೊಟ್ಟು ನೋಡುತ್ತಿದ್ದರು. ಟಿವಿ ರಾಗವಾಗಿ ಹಾಡಿತು: “ದಾರ ಪೋಣಿಸಲು ಪರದಾಟವೇ? ಇಂದೇ ಧರಿಸಿ ನಮ್ಮ ಕನ್ನಡಕ!”

ಅನುಮಾನ ಬಂದ ವಕೀಲರು ಗುಂಡಿ ಹಾಕಿ ನೋಡಿದರು. ಎದೆಯ ಗುಂಡಿಗೆ ಹೊಟ್ಟೆಯ ಹತ್ತಿರ ಕಾಜ.

“ಏನಪ್ಪಾ ಇದು?”

“ಹೊಸ ಫ್ಯಾಷನ್ನು ಸಾರ್.”

ಟಿವಿ ಕಣ್ಣಿನ ಪೊರೆಯ ಆಪರೇಷನ್ನಿಗೆ ರಿಯಾಯಿತಿ ಘೋಷಿಸಿತು. ವಕೀಲರು ಕೋಟು ಕಳಚಿಟ್ಟು ನಡೆದರು. ಪರದೆ ಸರಿಸಿ ಹೆಂಡತಿ ಹೊರಬಂದಳು.

“ನನಗೆ ಹೇಳೋಕ್ಮುಂಚೆ ಆ ಡಬ್ಬಕ್ಕೆ ಹೇಳಿದ್ರಾ?”

“ನಾನು ಹೇಳ್ಲಿಲ್ಲ ಕಣೇ. ಅದೇ ಕೇಳಿಸ್ಕೊಂಡ್ತು.”

“ನಾನೂ ಇದೇ ಮನೇಲಿದ್ದೀನಿ. ನನಗ್ಯಾಕೆ ಕೇಳಿಸ್ಲಿಲ್ಲ?”

ದರ್ಜಿ ತಲೆ ತಗ್ಗಿಸಿದ. “ಹೇಳಿದ್ರೆ ನೀನು ಮಿಷನ್ ಮುಂದೆ ಕೂರೋಕೆ ಬಿಡ್ತಿರ್ಲಿಲ್ಲ. ಆಮೇಲೆ ನಾನ್ಯಾರು?”

(ಇಲ್ಲಿ ನಾನೊಂದು ಗಂಭೀರ ಪ್ಯಾರಾ ಬರೆದಿದ್ದೆ. ಇಬ್ಬರೂ ಮುಖ ಸಿಂಡರಿಸಿದರು. ತೆಗೆದೆ.)

೫
ಮುಕ್ತಾಯ ಒಂದು: ದರ್ಜಿ ಟಿವಿಯನ್ನು ಕಿಟಕಿಯಿಂದಾಚೆ ಎಸೆಯುತ್ತಾನೆ. (“ನೀವೇ ಎತ್ತಿ ಸಾರ್, ನನಗೆ ಸೊಂಟ ನೋವು” ಎಂದ. ತಕ್ಷಣ ಟಿವಿಯಲ್ಲಿ ಸೊಂಟದ ಮುಲಾಮು.)

ಮುಕ್ತಾಯ ಎರಡು: ಕನ್ನಡಕ ಬರುತ್ತದೆ, ಎಲ್ಲರೂ ನಗುತ್ತಾರೆ. (“ಇದು ಜಾಹೀರಾತಿನವ್ರು ಬರೆಯೋದು. ನೀವು ಬೇರೆ ಬರೀರಿ” ಎಂದಳು ಹೆಂಡತಿ.)

೬
ನಿಜಕ್ಕೂ ಆದದ್ದಿಷ್ಟು. ಅವಳು ಟಿವಿಯ ಪ್ಲಗ್ಗು ಕಿತ್ತಳು. ಸೂಜಿಗೆ ದಾರ ಪೋಣಿಸಿ ಗಂಡನ ಕೈಗಿಟ್ಟಳು. ಆಮೇಲೆ ದನಿ ತಗ್ಗಿಸಿ, “ಒಳಗೆ ಬನ್ನಿ. ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೀನಿ” ಎಂದಳು.

ನಾನು ಪೆನ್ನು ಹಿಡಿದು ಹಿಂದೆಯೇ ಹೋದೆ. ಅಡುಗೆಮನೆಯ ಹೊಸ್ತಿಲಲ್ಲಿ ಅವಳು ತಿರುಗಿ ನಿಂತಳು.

“ನೀವೆಲ್ಲಿಗೆ?”

“ಕಥೆ ಮುಗಿಸ್ಬೇಕಲ್ಲಮ್ಮ.”

“ಮುಗಿಸ್ಕೊಳ್ಳಿ. ಹೊರಗೆ.”

ಚಿಲಕ ಬಿತ್ತು. ಒಳಗೆ ಪಿಸುಪಿಸು. ಆಮೇಲೆ ದರ್ಜಿಯ “ಅಯ್ಯೋ, ನೀನೂನಾ?” ಆಮೇಲೆ ಇಬ್ಬರ ನಗು.

ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದೇನೆ. ಓದುಗರೇ, ತಳ್ಳಬೇಡಿ, ನನಗೇ ಸರಿಯಾಗಿ ಕೇಳಿಸುತ್ತಿಲ್ಲ.